ಯಾವ ಮೀಟರ್ ನಂಬಬೇಕು?

ಮೋಡದೊಳಗೆ ಹೋದ ಮೇಲೆ ಪೈಲಟ್ ಮೀಟರುಗಳನ್ನು ಕಣ್ಣುಮುಚ್ಚಿ ನಂಬಬೇಕು ಅಂತ ವಿಮಾನದ ಮೀಟರುಗಳ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಅರ್ಧ ಸರಿ. ತೀರಾ ನಿಧಾನವಾಗಿ ಶುರುವಾಗುವ ತಿರುವು ಮೈಯ ಸಮತೋಲನ ನೋಡಿಕೊಳ್ಳುವ ಒಳಕಿವಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮೈಯ ಮಾತಿಗಿಂತ ಮೀಟರ್ ಮಾತೇ ಮೇಲು. ಆದರೆ ಮೀಟರೂ ಕೆಡುತ್ತದೆ ಅಲ್ವಾ? ನಿಜವಾದ ಓದು ಇರುವುದೇ ಅಲ್ಲಿ.

ವೇಗ ತಿಳಿಯಲು ಎದುರುಗಾಳಿಯ ಒತ್ತಡ ಹಿಡಿಯುವ ಪಿಟೋ ಕೊಳವೆಯ ಬಾಯಿ, ನೀರು ಹೋಗುವ ತೂತು ಎರಡೂ ಹಿಮಗಟ್ಟಿ ಮುಚ್ಚಿಕೊಂಡರೆ ವೇಗದ ಮೀಟರ್ ಸುಮ್ನೆ ನಿಂತುಬಿಡುವುದಿಲ್ಲ. ವಿಮಾನ ಮೇಲೇರಿದಂತೆ ವೇಗ ಜಾಸ್ತಿಯಾಗುತ್ತಿದೆ ಅಂತ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಮೂತಿ ಇನ್ನೂ ಎತ್ತಿದರೆ ನಿಜವಾದ ವೇಗ ಬಿದ್ದು ಸ್ಟಾಲ್ ಆಗಬಹುದು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳಬಹುದು. ಸುತ್ತಲಿನ ಗಾಳಿಯ ಒತ್ತಡ ತಿಳಿಯುವ ತೂತು, ಅಂದರೆ ಸ್ಟ್ಯಾಟಿಕ್ ಪೋರ್ಟ್, ಮುಚ್ಚಿದರೆ ಎತ್ತರದ ಮೀಟರ್ ಇದ್ದಲ್ಲೇ ನಿಲ್ಲುತ್ತದೆ, ಏರಿಳಿತದ ವೇಗ ಹೇಳುವ ಮೀಟರ್ ಸೊನ್ನೆ ತೋರಿಸುತ್ತದೆ. ಯಾವುದು ಗಾಳಿಯ ಒತ್ತಡದಿಂದ, ಯಾವುದು ಜೈರೋದಿಂದ (ಗಿರ್ರನೆ ತಿರುಗುವ ಚಕ್ರದಿಂದ) ನಡೆಯುತ್ತದೆ ಅಂತ ತಿಳಿದವರಿಗೆ ಮಾತ್ರ ಸುಳ್ಳುಸಾಕ್ಷಿ ಯಾರದು ಅಂತ ಹೊಳೆಯುತ್ತದೆ.

ಆಲ್ಟಿಮೀಟರ್ ಸೆಟ್ಟಿಂಗ್, ಅಂದರೆ ಎತ್ತರದ ಮೀಟರಿಗೆ ಗಾಳಿಯ ಒತ್ತಡ ಹೊಂದಿಸಿಕೊಳ್ಳುವುದರ ಬಗ್ಗೆ ಲೇಖನದಲ್ಲಿ ಒಂದೇ ಸಾಲು! ಒತ್ತಡವನ್ನು 10 ಹೆಕ್ಟೋಪ್ಯಾಸ್ಕಲ್ ತಪ್ಪಾಗಿ ಹಾಕಿದರೆ ಎತ್ತರ ಹತ್ತಿರಹತ್ತಿರ 300 ಅಡಿ ತಪ್ಪುತ್ತದೆ. ರನ್‌ವೇಯ ರೇಡಿಯೋ ಸಂಕೇತ ಹಿಡಿದು ಇಳಿಯುವ ಮಾಮೂಲಿ ಐಎಲ್‌ಎಸ್ ಲ್ಯಾಂಡಿಂಗ್‌ನಲ್ಲಿ ರನ್‌ವೇ ಕಾಣದಿದ್ದರೆ ವಾಪಸ್ ಮೇಲೇರಬೇಕಾದ ಎತ್ತರವೇ ನೆಲದಿಂದ ಸುಮಾರು 200 ಅಡಿ. ಇದಕ್ಕೆ ಒಂದು ಪ್ಯಾರಾ ಆದರೂ ಬೇಕಿತ್ತು.