ಟಕ್ ಅಂದರೆ ಸೂಜಿ, ಗರ್ರ್ ಅಂದರೆ ಗೇರು

ಪರದೇಶದಲ್ಲಿ ಹೊಲಿಗೆ ಮಿಷನ್ ಕೆಟ್ಟವರಿಗೆ ಮಿಮಿಕ್ರಿ ಬರಬೇಕು. ಬಾರದವರು ಹೊಸ ಮಿಷನ್ನಿಗೆ ದುಡ್ಡು ಎತ್ತಿಟ್ಟುಕೊಳ್ಳುವುದೇ ವಾಸಿ.

ರಿಪೇರಿ ಅಂಗಡಿಗೆ ಹೋದರೆ ಕೌಂಟರಿನ ಆಚೆಯವರು ಕೇಳುವ ಮೊದಲ ಪ್ರಶ್ನೆ "ಏನಾಗಿದೆ?" ಕನ್ನಡದಲ್ಲಾದರೆ ಸಲೀಸು. "ಕೆಳಗೆ ದಾರ ಗೋಜಲು ಗೋಜಲಾಗಿ ಬರ್ತಿದೆ, ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ, ಆಗಾಗ ಗರ್ರ್ ಅಂತ ಜಗ್ಗುತ್ತೆ" ಅಂದರೆ ಮುಗಿಯಿತು, ಕೇಳಿದವರು ಮುಚ್ಚಳ ತೆಗೆಯುವ ಮೊದಲೇ ತಲೆಯಾಡಿಸುತ್ತಾರೆ. ಆದರೆ ಆ ದೇಶದ ಭಾಷೆಯಲ್ಲಿ ಮೀಟಿಂಗು ನಡೆಸಬಲ್ಲವರು, ಬಾಡಿಗೆ ಕರಾರಿನ ಸಣ್ಣಕ್ಷರದ ಬಗ್ಗೆ ಅರ್ಧ ಗಂಟೆ ವಾದಿಸಬಲ್ಲವರು ಕೂಡ ಗೋಜಲಿನ ಮುಂದೆ ಮೂಕರು. ಭಾಷೆ ಕಲಿಸುವ ಪುಸ್ತಕದಲ್ಲಿ ರೈಲ್ವೆ ಟಿಕೆಟ್ ಕೊಳ್ಳುವುದು ಹೇಗೆ ಅಂತ ಪಾಠವಿರುತ್ತದೆ, ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸಿನ ಮೇಲೆ ಇರುವುದಿಲ್ಲ.

ಆಗ ಶುರುವಾಗುತ್ತದೆ ಪ್ರದರ್ಶನ. ಎಡಗೈ ಬಟ್ಟೆ, ಬಲಗೈಯ ತೋರುಬೆರಳು ಸೂಜಿ. ಬೆರಳು ಮೇಲೆ ಕೆಳಗೆ ಆಡುತ್ತದೆ, ಬಾಯಿ "ಟಕ್ ಟಕ್ ಟಕ್" ಅನ್ನುತ್ತದೆ. ಆಚೆಯವರು ಸಮಾಧಾನದಿಂದ ನೋಡಿ, ಹೌದು, ಅದು ಹಾಗೇ ಕೆಲಸ ಮಾಡಬೇಕಾದದ್ದು, ತೊಂದರೆ ಏನು ಅನ್ನುತ್ತಾರೆ. ಈಗ ಗರ್ರ್ ಬರಬೇಕು. ಮುಖ ಕಿವುಚಿ, ಬೆರಳನ್ನು ಅರ್ಧದಲ್ಲಿ ನಿಲ್ಲಿಸಿ, ಗಂಟಲಿನಿಂದ ಗರ್ರ್. ಹಿಂದೆ ಸಾಲಿನಲ್ಲಿ ನಿಂತ ಮಗು ಅಮ್ಮನ ಕೋಟು ಹಿಡಿದುಕೊಳ್ಳುತ್ತದೆ. ಮೆಕ್ಯಾನಿಕ್ ಪಾಪ, ಸಹಾಯ ಮಾಡಲು ನೋಡುತ್ತಾನೆ. ಹೀಗೋ ಅಂತ ತಾನೊಂದು ಸದ್ದು ಮಾಡಿ ತೋರಿಸುತ್ತಾನೆ. ಅಲ್ಲ. ಹಾಗಾದರೆ ಹೀಗೋ? ಅದೂ ಅಲ್ಲ, ಇನ್ನೂ ಸ್ವಲ್ಪ ದಪ್ಪ. ಒಂದೊಂದು ಭಾಷೆಯ ನಾಯಿಯೂ ಒಂದೊಂದು ಥರ ಬೊಗಳುವ ಹಾಗೆ ಮಿಷನ್ನಿನ ಹಲ್ಲುಚಕ್ರ, ಅಂದರೆ ಗೇರೂ ಒಂದೊಂದು ಥರ ಗೊರಗುಟ್ಟುತ್ತದೆ. ಹೀಗೆ ಇಬ್ಬರು ವಯಸ್ಕರು ಹಾಡು ಹಗಲಲ್ಲಿ ಪರಸ್ಪರ ಗುರುಗುಟ್ಟುತ್ತಿರುವಾಗ, ಜಿಪ್ ಕೊಳ್ಳಲು ಬಂದ ಮೂರನೆಯ ಒಬ್ಬಾಕೆ ತಡೆಯಲಾರದೆ ತನ್ನ ಮನೆಯ ಮಿಷನ್ನಿನ ಸದ್ದನ್ನೂ ಕೊಡುತ್ತಾಳೆ.

ಅವಮಾನವಾದರೂ ಇದು ವ್ಯರ್ಥವಲ್ಲ, ಏಕೆಂದರೆ ಕಾಯಿಲೆ ಸದ್ದಿನಲ್ಲೇ ಇದೆ. ಪ್ರತಿ ಹೊಲಿಗೆಗೂ ತಾಳ ತಪ್ಪದೆ ಟಕ್ ಅಂದರೆ ಸೂಜಿ ಎಲ್ಲೋ ಬಡಿಯುತ್ತಿದೆ. ಒಂದೋ ಸೂಜಿ ಬಾಗಿದೆ, ಇಲ್ಲವೇ ಪೂರ್ತಿ ಮೇಲಕ್ಕೆ ತೂರಿಸಿ ಸ್ಕ್ರೂ ಬಿಗಿದಿಲ್ಲ, ಇಲ್ಲವೇ ಬಾಬಿನ್ ಕೇಸು ತನ್ನ ಜಾಗದಲ್ಲಿ ಕೂತಿಲ್ಲ. ಗರ್ರ್ ಅಂದರೆ ಬಹುಶಃ ಒಳಗಿನ ನೈಲಾನ್ ಗೇರು ಹಲ್ಲು ಉದುರಿಸಿಕೊಂಡಿದೆ. ಹೂಂ ಅಂತ ಮೋಟರು ಗುನುಗಿ ಸೂಜಿ ಅಲುಗದಿದ್ದರೆ ಬಹುಶಃ ಕೆಳಗೆ ದಾರದ ಕುಣಿಕೆ ಹಿಡಿಯುವ ಶಟಲ್ಲಿನ ಸುತ್ತ ದಾರ ಸುತ್ತಿ ಬಿಗಿದುಕೊಂಡಿದೆ. ಪೆಡಲ್ಲಿನಿಂದ ಕಾಲು ತೆಗೆಯಿರಿ, ತಿರುಗದ ಮೋಟರು ಬಿಸಿಯಾಗಿ ಸುಡುತ್ತದೆ. ಇನ್ನು ಮೋಟರು ಸುಖವಾಗಿ ಓಡುತ್ತಿದ್ದು ಸೂಜಿ ಮಾತ್ರ ನಿಂತಿದ್ದರೆ, ಅಂಗಡಿಗೆ ಹೊರಡುವ ಮುನ್ನ ಬಾಬಿನ್ ಸುತ್ತುವ ಕಡ್ಡಿಯನ್ನೊಮ್ಮೆ ನೋಡಿ. ದಾರ ಸುತ್ತುವಾಗ ಬಲಕ್ಕೆ ತಳ್ಳಿದ್ದನ್ನು ಎಡಕ್ಕೆ ತಂದಿರುವುದಿಲ್ಲ. ಈ ಒಂದು ಕಡ್ಡಿಯ ದೆಸೆಯಿಂದ ಜೀವಂತವಾಗಿ ಹೂತುಹೋದ ಮಿಷನ್ನುಗಳ ಲೆಕ್ಕ ಯಾರಿಟ್ಟಿದ್ದಾರೆ!

ಗೋಜಲಿನ ವಿಷಯ ಬೇರೆ. ಬಟ್ಟೆಯ ಕೆಳಗೆ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ನಿಗೆ ಬೈಯುತ್ತಾರೆ, ತಪ್ಪು ಬಹುಪಾಲು ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟು ಇಳಿಸಿಟ್ಟುಕೊಂಡೇ ದಾರ ಪೋಣಿಸಿದರೆ, ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರದೆ ಮೇಲೆ ಮೇಲೇ ಜಾರಿ ಬರುತ್ತದೆ, ಕೆಳಗೆ ಸಡಿಲ ಸುರುಳಿಗಳಾಗಿ ಬೀಳುತ್ತದೆ. ಮಹಡಿ ಮೇಲಿನವರು ನಲ್ಲಿ ಬಿಟ್ಟರೆ ಕೆಳಗಿನ ಮನೆ ಸೋರಿದಂತೆ. ಫೂಟು ಎತ್ತಿ, ದಾರ ಪೂರ್ತಿ ಬಿಚ್ಚಿ ಮತ್ತೆ ಪೋಣಿಸಿ, ಹೊಸ ಸೂಜಿ ಹಾಕಿ ನೋಡಿ. ಬಹುತೇಕ ಮನೆ ಮಿಷನ್ನುಗಳ ಸೂಜಿಗೆ ಒಂದು ಪಕ್ಕ ಚಪ್ಪಟೆ. ಸೂಜಿಗೆ ಮುಂದಿನಿಂದ ದಾರ ಪೋಣಿಸುವ ಮಿಷನ್ನಿನಲ್ಲಿ ಅದು ಹಿಂದಕ್ಕೆ ಇರಬೇಕು. ಸೂಜಿ ತೀರ ಕೆಳಗಿಳಿದು ಎರಡು ಮಿಲಿಮೀಟರಿನಷ್ಟು ಮೇಲೆದ್ದ ಕ್ಷಣದಲ್ಲಿ ಶಟಲ್ಲಿನ ಮೂಗು ಬಂದು ದಾರದ ಕುಣಿಕೆ ಹಿಡಿಯಬೇಕು. ಸೂಜಿ ತಿರುಗಾಮುರುಗಾ ಆಗಿದ್ದರೆ ಮೂಗು ಬರುತ್ತದೆ, ಕುಣಿಕೆ ಸಿಗುವುದಿಲ್ಲ, ಹೊಲಿಗೆ ತಪ್ಪುತ್ತದೆ.

ಇಷ್ಟೆಲ್ಲ ನೋಡುವ ವ್ಯವಧಾನ ಯಾರಿಗಿದೆ? ಅಷ್ಟರಲ್ಲಿ ಮನೆಯ ಎಣ್ಣೆ ತಜ್ಞರು ಎದ್ದು ಬಂದಿರುತ್ತಾರೆ. ಬಾಗಿಲು ಕಿರುಗುಟ್ಟಿದರೂ ಸೈಕಲ್ಲು ಜಗ್ಗಿದರೂ ಅವರದು ಒಂದೇ ಮದ್ದು: "ಒಂದು ತೊಟ್ಟು ಎಣ್ಣೆ ಬಿಡು, ಸರಿಹೋಗುತ್ತೆ." ಯಾವ ಎಣ್ಣೆ ಅಂತ ಕೇಳುವಂತಿಲ್ಲ, ಕೈಗೆ ಸಿಕ್ಕಿದ್ದು. ತೆಂಗಿನೆಣ್ಣೆ ಹೆಚ್ಚುಕಡಿಮೆ 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಚಳಿ ದೇಶದಲ್ಲಿ ಮಿಷನ್ನಿನ ಹೊಟ್ಟೆಗೆ ಅದನ್ನು ಸುರಿದರೆ ಮಾರನೆಯ ಬೆಳಿಗ್ಗೆಗೆ ಮೇಣ. ಅಡುಗೆಯ ಬೇರೆ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗಿ, ಹತ್ತಿಯ ಧೂಳನ್ನು ಹಿಡಿದು ಕಂದು ಮೆತ್ತೆಯಾಗುತ್ತವೆ. ಆ ಮೆತ್ತೆಯ ವಿರುದ್ಧ ಏಗುತ್ತಲೇ ನೈಲಾನ್ ಗೇರು ಹಲ್ಲು ಮುರಿದುಕೊಳ್ಳುವುದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಮಿಷನ್ ಹಗುರಾಗಿ ಓಡುತ್ತದೆ, ಆಮೇಲೆ ಇದ್ದ ಎಣ್ಣೆಯೂ ತೊಳೆದುಹೋಗಿ ಒಣಒಣ. ಬೇಕಾದದ್ದು ಬಣ್ಣವಿಲ್ಲದ ತೆಳು ಹೊಲಿಗೆ ಮಿಷನ್ ಎಣ್ಣೆ, ಕೈಪಿಡಿ ತೋರಿಸಿದ ಜಾಗಕ್ಕೆ ಒಂದೊಂದು ಹನಿ. ಕೈಪಿಡಿ ಎಣ್ಣೆ ಬೇಡ ಅಂದಿದ್ದರೆ ಬೇಡ. ಇದನ್ನು ತಜ್ಞರಿಗೆ ಯಾರು ಹೇಳಬೇಕು? ಮಿಷನ್ ಕೊನೆಯುಸಿರೆಳೆದ ಮೇಲೂ ಅವರು "ಮೊದಲೇ ಎಣ್ಣೆ ಬಿಟ್ಟಿದ್ದರೆ..." ಅನ್ನುತ್ತಿರುತ್ತಾರೆ.

ಅಂತೂ ಮೆಕ್ಯಾನಿಕ್ ತೀರ್ಪು ಕೊಡುತ್ತಾನೆ: ಇದನ್ನು ರಿಪೇರಿ ಮಾಡುವ ಕೂಲಿಗೆ ಹೊಸದೇ ಬರುತ್ತದೆ. ಮೈ ಉರಿಯುವ ಮಾತು, ಆದರೆ ಬಹಳ ಸಲ ನಿಜ. ಬೆಲ್ಟು, ಪೆಡಲ್ಲು, ವೈರು ಹೋಗಿದ್ದರೆ ರಿಪೇರಿ ಮಾಡಿಸಿ. ಗೇರು ಒಡೆದು, ಬದಲಿ ಭಾಗ ತಯಾರಾಗುವುದೇ ನಿಂತಿದ್ದರೆ ಕೈ ಬಿಡಿ.

ಊರಿಗೆ ಹೋದಾಗ ಒಂದು ಮಿಷನ್ ಹೊತ್ತು ತಂದರಾಯಿತು ಎಂಬ ಸಲಹೆ ಕೊಡುವವರಿಗೆ ವೋಲ್ಟೇಜು ಗೊತ್ತಿರುವುದಿಲ್ಲ. ಭಾರತದಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120, ಜಪಾನಿನಲ್ಲಿ 100. ನಮ್ಮ ಮಿಷನ್ ಅಲ್ಲಿ ಹಾಕಿದರೆ ತೆವಳುತ್ತದೆ, ಜೀನ್ಸಿನ ಅಂಚು ಕಂಡರೆ ನಿಂತೇಬಿಡುತ್ತದೆ. ಅಲ್ಲಿಯದನ್ನು ಇಲ್ಲಿ ಹಾಕಿದರೆ ಕೆಲವು ಕ್ಷಣ ಮೈದುಂಬಿದಂತೆ ಓಡಿ, ಆಮೇಲೆ ವಾಸನೆ. ಟ್ರಾವೆಲ್ ಅಡಾಪ್ಟರು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಹೇರ್ ಡ್ರೈಯರಿಗೆಂದು ಮಾರುವ ಹಗುರ ಕನ್ವರ್ಟರೂ ಮೋಟರಿಗೆ ಆಗದು. ಬೇಕಾದದ್ದು ನಿಜವಾದ ಟ್ರಾನ್ಸ್‌ಫಾರ್ಮರ್, ಮಿಷನ್ನಿನ ಮೇಲೆ ಬರೆದ ವ್ಯಾಟಿನ ಎರಡರಷ್ಟು ಸಾಮರ್ಥ್ಯದ್ದು. ಅದರ ತೂಕಕ್ಕೆ ಹೆದರಿಯೇ ಹೊಲಿಗೆ ಬಿಟ್ಟವರಿದ್ದಾರೆ. ಪೆಡಲ್ಲಿನ ಮೇಲೂ ವೋಲ್ಟೇಜು ಬರೆದಿರುತ್ತದೆ, ಅದನ್ನೂ ಓದಿ.

ಹಾಗಾಗಿ ಅಲ್ಲೇ ಕೊಳ್ಳುವುದು, ಅದರಲ್ಲೂ ಸೆಕೆಂಡ್ ಹ್ಯಾಂಡ್. ಹೋಗುವಾಗ ನಿಮ್ಮದೇ ಬಟ್ಟೆ, 90ರ ಅಳತೆಯ ಹೊಸ ಸೂಜಿ, ಎರಡು ಬಣ್ಣದ ದಾರ ಒಯ್ಯಿರಿ. ಮಾರುವವರು ಕೊಡುವ ತೆಳು ಕಾಟನ್ ತುಂಡಿನ ಮೇಲೆ ಮುರುಕು ಮಿಷನ್ನೂ ಮುದ್ದಾಗಿ ಹೊಲಿಯುತ್ತದೆ. ಮೊದಲು ಪ್ಲಗ್ ಹಾಕದೆ ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ, ಎಲ್ಲೂ ತಡೆಯಬಾರದು. ಮೇಲೊಂದು ಬಣ್ಣ, ಬಾಬಿನ್ನಿಗೊಂದು ಬಣ್ಣ ಹಾಕಿ ಎರಡು ಪದರ ಹೊಲಿಯಿರಿ, ಆಮೇಲೆ ಎಂಟು ಪದರ. ಮೇಲಿನ ಬಣ್ಣ ಕೆಳಗೆ ಇಣುಕಿದರೆ ಮೇಲಿನ ಟೆನ್ಷನ್ ಸಡಿಲ, ಕೆಳಗಿನದು ಮೇಲೆ ಇಣುಕಿದರೆ ಬಿಗಿ. ಹಿಂದಕ್ಕೆ ಹೊಲಿಯಿರಿ, ಜಿಗ್‌ಜಾಗ್ ನೋಡಿ. ಮಾರುವವರು ಗಡಿಯಾರ ನೋಡಿಕೊಂಡರೆ ನೋಡಿಕೊಳ್ಳಲಿ.

ಇಷ್ಟಾಗಿ ಮನೆಗೆ ತಂದ ಮೇಲೆ ಎದುರಾಗುವುದು ಹಳೆಯ ಬಾಬಿನ್ ಡಬ್ಬಿ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಹೊಲಿಗೆ ಮಿಷನ್ನಿನಲ್ಲೇ ಸೂಜಿಯ ಕಣ್ಣು ತುದಿಯಲ್ಲಿತ್ತು, ಕೆಳಗೆ ಎರಡನೆಯ ದಾರವಿತ್ತು. ಅಂದಿನಿಂದ ಇಂದಿನವರೆಗೆ ಮಿಷನ್ ತಯಾರಿಸುವವರಿಗೆ ಒಂದು ಬಾಬಿನ್ ಅಳತೆ ಒಪ್ಪಿಕೊಳ್ಳಲು ಪುರುಸೊತ್ತಾಗಿಲ್ಲ. 15ನೇ ಕ್ಲಾಸಿನದು ಸುಮಾರು 11.7 ಮಿಲಿಮೀಟರ್ ಎತ್ತರ, ಪಕ್ಕಗಳು ಚಪ್ಪಟೆ. 66ನೇ ಕ್ಲಾಸಿನದು ಕೂದಲೆಳೆಯಷ್ಟು ಕುಳ್ಳು, ಕೆನ್ನೆ ಉಬ್ಬಿದ್ದು. ಕಣ್ಣಿಗೆ ಅವಳಿ ಜವಳಿ, ಕೂರಿಸಿದರೆ ಗಡಗಡ.

ಡಬ್ಬಿಯಲ್ಲಿ ಇಪ್ಪತ್ತು ಮೂವತ್ತು ಬಾಬಿನ್ನುಗಳು. ಶಾಲೆಯ ಯೂನಿಫಾರ್ಮಿನ ನೀಲಿ, ಈಗ ಯಾರಿಗೂ ಆಗದ ಫ್ರಾಕಿನ ಗುಲಾಬಿ, ಹಿಂದಿನ ಬಾಡಿಗೆ ಮನೆಯ ಪರದೆಯ ಹಸಿರು, ಒಂದೊಂದರಲ್ಲೂ ನಾಲ್ಕಾರು ಮಾರು ಉಳಿದಿದೆ. ಬಟ್ಟೆಗಳು ಯಾರ್ಯಾರ ಮನೆಗೋ ಹೋದವು, ದಾರ ಮಾತ್ರ ಇಲ್ಲಿದೆ. ಎಸೆಯಲು ಮನಸ್ಸು ಬಾರದವರಿಗೆ ದಾರಿಯುಂಟು: ಹಳೆಯ ಬಾಬಿನ್ನನ್ನು ರೀಲಿನ ಕಡ್ಡಿಗೆ ಸಿಕ್ಕಿಸಿ, ದಾರವನ್ನು ಹೊಸದಕ್ಕೆ ನಿಧಾನಕ್ಕೆ ಸುತ್ತಿಕೊಳ್ಳುವುದು. ಒಂದರ ಮೇಲೊಂದು ಬಣ್ಣ ಸುತ್ತಬಾರದು, ಹೊಲಿಗೆಯ ನಡುವೆ ಗುಲಾಬಿ ಮುಗಿದು ಹಸಿರು ಶುರುವಾಗುತ್ತದೆ. ಸುತ್ತಿದ ಮೇಲೆ ಬಾಬಿನ್ ಸುತ್ತುವ ಕಡ್ಡಿಯನ್ನು ಎಡಕ್ಕೆ ತರುವುದು.

ಹೊಸ ಮಿಷನ್ ಕಂಪ್ಯೂಟರಿನದಾಗಿದ್ದರೆ ಅದು ಟಕ್ ಅನ್ನುವುದಿಲ್ಲ, ಗರ್ರ್ ಅನ್ನುವುದಿಲ್ಲ. ಪೆಡಲ್ ಒತ್ತಿದರೆ ಬೀಪ್ ಅನ್ನುತ್ತದೆ. ಮತ್ತೆ ಒತ್ತಿದರೆ ಮತ್ತೆ ಬೀಪ್. ಕೈಪಿಡಿ ಹನ್ನೊಂದು ಭಾಷೆಗಳಲ್ಲಿರುತ್ತದೆ, ಕನ್ನಡ ಇರುವುದಿಲ್ಲ. ಎಣ್ಣೆ ತಜ್ಞರು ಎದ್ದು ಬರುವುದರೊಳಗೆ ಫೂಟು ಇಳಿಸಿ.