ಮೇಜಿನ ಜೊತೆ ಸಂಸಾರ

ಕೈಯಲ್ಲಿ ಮಾಡಿದ ಮರದ ಮೇಜಿಗೆ ಯಾಕಿಷ್ಟು ರೇಟು ಅಂತ ಕೇಳಿದವರಿಗೆಲ್ಲ ನಾನೀಗ ಹೇಳುವುದು ಇಷ್ಟೇ: ದುಡ್ಡು ಕೊಡುವುದು ಸುಲಭ, ಆಮೇಲೆ ಅದರ ಜೊತೆ ಸಂಸಾರ ಮಾಡುವುದಿದೆಯಲ್ಲ, ಅದು ಕಷ್ಟ.

ಹಸಿ ಮರ ಗಾಳಿಯಲ್ಲಿ ಒಣಗಲು 1 ಇಂಚು ದಪ್ಪಕ್ಕೆ ಹೆಚ್ಚುಕಡಿಮೆ 1 ವರ್ಷ ಬೇಕು ಅನ್ನುವುದು ಬಡಗಿಗಳ ಲೆಕ್ಕ. ಅಂದರೆ ನಾನು ಕೊಟ್ಟ ದುಡ್ಡಲ್ಲಿ ಒಂದು ಪಾಲು ಆ ಮರ ಸುಮ್ನೆ ಬಿದ್ದುಕೊಂಡಿದ್ದಕ್ಕೆ! ನಾನೂ ವರ್ಷಗಟ್ಟಲೆ ಸೋಫಾ ಮೇಲೆ ಬಿದ್ದುಕೊಂಡಿದ್ದೇನೆ, ನನ್ನ ಬೆಲೆ ಏರಿದ್ದು ಮನೆಯಲ್ಲಿ ಯಾರಿಗೂ ಕಂಡಿಲ್ಲ.

ಮೇಜು ಬಂದ ದಿನ ಅದರ ಕೆಳಗೆ ತೂರಿ ನೋಡಿದೆ. ಕಾಲುಗಳಿಗೆ ಸ್ಕ್ರೂ ಇಲ್ಲ, ತೂತಿನೊಳಗೆ ಮರದ ನಾಲಗೆ ಬಿಗಿಯಾಗಿ ಕೂತಿದೆ. ಉಗುರು ತೂರಿಸಲೂ ಸಂದಿಲ್ಲ. ಆದರೆ ಮೇಲಿನ ಹಲಗೆಗೆ ಅಂಟು ಹಾಕಿಲ್ಲ, ಸ್ವಲ್ಪ ಆಚೀಚೆ ಸರಿಯುವಂತೆ ಸಣ್ಣ ಮರದ ತುಂಡುಗಳಿಂದ ಹಿಡಿದಿಟ್ಟಿದ್ದಾರೆ. "ಇಷ್ಟು ದುಡ್ಡು ತಗೊಂಡು ಸಡಿಲ ಬಿಟ್ಟಿದ್ದೀರಲ್ಲ?" ಅಂತ ಬಡಗಿಯನ್ನು ಕೇಳಿದೆ. "ಬಿಗಿ ಮಾಡಿದ್ರೆ ಸೀಳುತ್ತೆ ಸಾರ್. ತೇವಕ್ಕೆ ಮರ ಅಗಲಕ್ಕೆ ಉಬ್ಬುತ್ತೆ, ಬಿಸಿಲಿಗೆ ಕುಗ್ಗುತ್ತೆ. ಉದ್ದಕ್ಕೆ ಮಾತ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ," ಅಂದರು. ಮರದ ಚೂರು ಅಂಟಿಸಿ ಒತ್ತಿ ಮಾಡಿದ ನಮ್ಮ ಹಳೇ ಪಾರ್ಟಿಕಲ್ ಬೋರ್ಡ್ ಮೇಜೂ ನೀರು ಕುಡಿದು ಉಬ್ಬಿತ್ತು. ಮತ್ತೆ ಕುಗ್ಗಲೇ ಇಲ್ಲ ಅಷ್ಟೇ.

ಈಗ ನೆಂಟರು ಬಂದರೆ ನಮ್ಮ ಕಣ್ಣು ಅವರ ಮುಖದ ಮೇಲಿರುವುದಿಲ್ಲ, ಲೋಟದ ಬುಡದ ಮೇಲಿರುತ್ತದೆ. ನಾವಂತೂ ಪಾಲಿಶ್ ಹಾಳಾದೀತೆಂದು ನೆಲದ ಮೇಲೆ ಕೂತು ಊಟ ಮಾಡುತ್ತೇವೆ.

ಮಳೆ ಶುರುವಾಯಿತು, ಡ್ರಾಯರ್ ಕಚ್ಚಿಕೊಂಡಿತು. ಒಳಗೆ ಟಿವಿ ರಿಮೋಟು. ನಾನು ಹಿಡಿ ಹಿಡಿದು ಎಳೆದರೆ ಡ್ರಾಯರ್ ಬರಲಿಲ್ಲ, ಇಡೀ ಮೇಜೇ ಬಂತು. ಮಗ ಆ ಕಡೆಯಿಂದ ಕಾಲು ಹಿಡಿದ, ಹೆಂಡತಿ "ಗೀರು ಬೀಳುತ್ತೆ, ಗೀರು ಬೀಳುತ್ತೆ" ಅಂತ ಕೂಗುತ್ತಲೇ ಇದ್ದಳು, ಸಹಾಯಕ್ಕೆ ಮಾತ್ರ ಬರಲಿಲ್ಲ. ಕೊನೆಗೆ ಬಡಗಿಗೆ ಫೋನ್ ಮಾಡಿ, ಸ್ವಲ್ಪ ಕೆತ್ತಿ ಕೊಡಿ ಅಂದೆ. "ಈಗ ಕೆತ್ತಿದ್ರೆ ಬೇಸಿಗೇಲಿ ಲೊಡಲೊಡ ಅನ್ನುತ್ತೆ ಸಾರ್. ನಾಲ್ಕು ದಿನ ಒಳ್ಳೇ ಬಿಸಿಲು ಬರಲಿ, ಅದೇ ಬಿಡುತ್ತೆ," ಅಂದು ಇಟ್ಟೇಬಿಟ್ಟರು.

ಹಾಗಾಗಿ ಬಿಸಿಲಿಗೆ ಕಾಯುತ್ತಿದ್ದೇವೆ. ಟಿವಿ ಅವತ್ತು ಹಾಕಿದ ಸುದ್ದಿ ಚಾನೆಲ್ಲಿನಲ್ಲೇ ನಿಂತಿದೆ. ಮಳೆ ಇನ್ನೂ ಜೋರಾಗುತ್ತದಂತೆ.