ಗಿಳಿಗೆ ಪ್ರಮಾಣವಚನ ಬೋಧಿಸಿದವರು ಯಾರು?

ನಮ್ಮ ಮನೆಯಲ್ಲಿ ಗೇಮ್ ಆಡುವವರು ಇಬ್ಬರೇ. ಅಭಿಪ್ರಾಯ ಹೇಳುವವರು ಮನೆಮಂದಿಯೆಲ್ಲ.

ನಾನು ವಿಷುಯಲ್ ನಾವೆಲ್ ಪಕ್ಷ, ಅಂದರೆ ಚಿತ್ರ ನೋಡುತ್ತಾ ಕಥೆ ಓದಿಕೊಂಡು ಹೋಗುವ ಗೇಮು. ಅಕ್ಕನ ಮಗ ಆರ್‌ಪಿಜಿ ಪಕ್ಷ, ಅಂದರೆ ಕಥೆಯ ಪಾತ್ರ ತಾನೇ ಆಗಿ ಸುತ್ತಾಡಿ ಕಾದಾಡುವ ಗೇಮು. ಅವನ ಪ್ರಕಾರ ನಾನು ಆಡುವುದು ಗೇಮೇ ಅಲ್ಲ. "ಮಾವ, ಗಂಟೆಗಟ್ಲೆ ಓದಿ ಒಂದು ಬಟನ್ ಒತ್ತೋಕೆ ಕಂಪ್ಯೂಟರ್ ಯಾಕೆ? ಲೈಬ್ರರಿಗೆ ಹೋಗಿ" ಅಂತಾನೆ.

ಇದಕ್ಕೆ ನನಗಿಂತ ಮೊದಲು ಕರೆಂಟೇ ಉತ್ತರ ಕೊಟ್ಟಿತು. ಅವತ್ತು ಅವನು 'ಪರ್ಸೋನಾ 5' ಆಡುತ್ತಿದ್ದ. ಹೈಸ್ಕೂಲ್ ಹುಡುಗರು ಕೆಟ್ಟ ದೊಡ್ಡವರ ಮನಸ್ಸಿನೊಳಗಿನ ಅರಮನೆಗೆ ನುಗ್ಗುವ ಕಥೆ ಅದು. ಆ ಅರಮನೆಯೊಳಗೆ ಕಂಡಕಂಡಲ್ಲಿ ಸೇವ್ ಮಾಡುವ ಹಾಗಿಲ್ಲ, ಸೇಫ್ ರೂಮ್ ಸಿಗಬೇಕು. ಬಾಗಿಲು ಕಾಣಿಸಿತು, ಹುಡುಗ ಓಡಿದ, ಕರೆಂಟ್ ಹೋಯ್ತು. ಸಂಜೆಯಿಂದ ಮಾಡಿದ್ದೆಲ್ಲ ನೀರುಪಾಲು. ವಿಷುಯಲ್ ನಾವೆಲ್‌ನಲ್ಲಾದರೆ ಸಾಲುಸಾಲಿಗೂ ಸೇವ್ ಮಾಡಬಹುದು ನೋಡು ಅಂದೆ. ನನ್ನ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಅನ್ನೋದನ್ನ ವಾದದಲ್ಲಿ ಎತ್ತಲಿಲ್ಲ.

ಈ ಗೆಲುವು ಜಾಸ್ತಿ ದಿನ ಬಾಳಲಿಲ್ಲ. ನಾನು 'ಏಸ್ ಅಟಾರ್ನಿ' ಶುರು ಮಾಡಿದೆ. 2001ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದಿದ್ದು. ಶುದ್ಧ ವಿಷುಯಲ್ ನಾವೆಲ್ ಅಲ್ಲ ಅಂತ ಮಡಿವಂತರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಫೀನಿಕ್ಸ್ ರೈಟ್ ಅನ್ನೋ ಎಳೆ ವಕೀಲ ಸಾಕ್ಷಿಯ ಮಾತಿನಲ್ಲಿ ಸುಳ್ಳು ಹುಡುಕಿ, ಬೆರಳು ಚಾಚಿ "ಆಬ್ಜೆಕ್ಷನ್!" ಅಂತ ಕಿರುಚುತ್ತಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನು ಹಾಗೆ ಕಿರುಚುವ ಹೊತ್ತಿಗೆ ಸರಿಯಾಗಿ ನನ್ನ ಹೆಡ್‌ಫೋನಿನ ಪಿನ್ನು ಕಳಚಿಕೊಂಡಿತು.

ಅಪ್ಪ ಎದ್ದು ಬಂದರು. ಅವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಬೈಯುತ್ತಾರೆ ಅಂದುಕೊಂಡರೆ, ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ನನ್ನ ಗ್ರಹಚಾರಕ್ಕೆ ನಡೆಯುತ್ತಿದ್ದದ್ದು ನಾಲ್ಕನೇ ಕೇಸು. ಅದರಲ್ಲಿ ಫೀನಿಕ್ಸ್ ಒಂದು ಗಿಳಿಯನ್ನು ಪಾಟೀಸವಾಲು ಮಾಡುತ್ತಾನೆ.

"ಅದೇನೋ ಕಟಕಟೇಲಿ?"

"ಗಿಳಿ, ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪ್ರಮಾಣವಚನ ಬೋಧಿಸಿದವರು ಯಾರು?"

ಇಲ್ಲಿ ಅದೆಲ್ಲ ಕೇಳೋ ಹಾಗಿಲ್ಲ, ವಿಚಾರಣೆ ಹೆಚ್ಚೆಂದರೆ ಮೂರು ದಿನ, ಅಷ್ಟರಲ್ಲಿ ತೀರ್ಪು ಬಂದುಬಿಡಬೇಕು ಅಂತ ವಿವರಿಸಿದೆ. ಗಿಳಿಯನ್ನು ಹೇಗೋ ಸಹಿಸಿಕೊಂಡಿದ್ದರು. ಇದನ್ನು ಸಹಿಸಲಿಲ್ಲ. "ಮೂರು ದಿನದಲ್ಲಿ ನಮ್ಮಲ್ಲಿ ಸಮನ್ಸೂ ಜಾರಿ ಆಗಲ್ಲ ಕಣೋ. ಸುಮ್ನೆ ಮಲಕ್ಕೋ" ಅಂತ ಎದ್ದು ಹೋದರು. ಬೆಳಗ್ಗೆ ಕಾಫಿ ಹೀರುತ್ತಾ, ಯಾರಿಗೂ ಅಲ್ಲ ಅನ್ನೋ ಹಾಗೆ, "ಆ ಗಿಳಿ ಏನಂತು?" ಅಂದರು.

ಮಾವನ ಗೇಮಿಗೆ ತಾತ ಛೀಮಾರಿ ಹಾಕಿದರು ಅಂತ ಹುಡುಗನಿಗೆ ಖುಷಿಯೋ ಖುಷಿ. ತನ್ನ 'ಡ್ರ್ಯಾಗನ್ ಕ್ವೆಸ್ಟ್ 11' ತೋರಿಸಲು ತಾತನನ್ನು ಟಿವಿ ಮುಂದೆ ಕೂರಿಸಿದ. ನಾಯಕ ಒಬ್ಬರ ಮನೆಗೆ ಸೀದಾ ನುಗ್ಗಿದ. ಯಜಮಾನಿ ಅಲ್ಲೇ ನಿಂತಿದ್ದಾಳೆ. ಇವನು ಮೂಲೆಯಲ್ಲಿದ್ದ ಮಡಕೆ ಎತ್ತಿ ನೆಲಕ್ಕೆ ಕುಕ್ಕಿದ, ಒಳಗಿದ್ದ ಔಷಧಿ ಸೊಪ್ಪನ್ನು ಜೋಬಿಗಿಳಿಸಿದ, ಬೀರು ತೆಗೆದು ತಡಕಾಡಿದ. ಆಕೆ ಹವಾಮಾನದ ಬಗ್ಗೆ ಮಾತಾಡೋ ಹಾಗೆ ಏನೋ ಎರಡು ಮಾತಾಡಿದಳು, ಅಷ್ಟೇ.

ಅಪ್ಪ ಬೆರಳು ಮಡಚಿದರು. "ಅತಿಕ್ರಮ ಪ್ರವೇಶಕ್ಕೆ ಐಪಿಸಿ 448. ವಾಸದ ಮನೇಲಿ ಕಳ್ಳತನ, 380. ಆ ಮಡಕೆ ಬೆಲೆ ಐವತ್ತು ರೂಪಾಯಿ ಮುಟ್ಟಿದ್ರೆ 427ನೂ ಸೇರುತ್ತೆ." ಐಪಿಸಿ ಹೋಗಿ ನ್ಯಾಯ ಸಂಹಿತೆ ಬಂದಿದೆ ಅಂತ ನೆನಪಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

"ತಾತ, ಅವನು ಲೋಕ ಉಳಿಸೋಕೆ ಹೊರಟಿರೋ ಹೀರೋ!"

"ಹೊರಡಲಿ. ಶಿಕ್ಷೆ ಎಷ್ಟು ಅಂತ ಕೇಳುವಾಗ ಜಡ್ಜ್ ಮುಂದೆ ಹೇಳಿಕೊಳ್ಳಲಿ."